ಅಮ್ಲಪಿತ್ತವೂ ವೈದ್ಯನನ್ನು ಕಾಣತಕ್ಕ ಕಾಲವೂ

ಎದೆಯುರಿ ಎಂಬ ಕನ್ನಡದ ಮಾತು ಅನುಭವದ ಹೆಸರೇ ಹೊರತು ವ್ಯಾಧಿಯ ಹೆಸರಲ್ಲ. ಉರಿಯು ಎದೆಯಲ್ಲಿ ತೋರಿದರೂ ಅದರ ಮೂಲವು ಬಹುಮಟ್ಟಿಗೆ ಜಠರದಲ್ಲಿರುವುದು. ಅನ್ನನಾಳವು ಜಠರವನ್ನು ಸೇರುವೆಡೆಯಲ್ಲಿ ಬಳೆಯಂತಹ ಮಾಂಸಪೇಶಿಯೊಂದುಂಟು. ಅದು ಸಡಿಲಗೊಂಡಾಗ ಜಠರದ ಆಮ್ಲರಸವು ಮೇಲಕ್ಕೇರಿ ಹುಳಿತೇಗನ್ನೂ ಎದೆಗಂಟಲುಗಳ ಉರಿಯನ್ನೂ ಉಂಟುಮಾಡುತ್ತದೆ.

ಚರಕಸಂಹಿತೆಯಲ್ಲಿ ಅಮ್ಲಪಿತ್ತವೆಂಬ ಶಬ್ದವು ಬಂದಿದ್ದರೂ ಅದಕ್ಕೆ ಪ್ರತ್ಯೇಕವಾದ ಅಧ್ಯಾಯವಿಲ್ಲ. ಮಾಧವನಿದಾನದಲ್ಲಿ ಅದು ಸ್ವತಂತ್ರವ್ಯಾಧಿಯಾಗಿ, ಊರ್ಧ್ವಗ, ಅಧೋಗ ಎಂಬ ಭೇದಗಳೊಡನೆ ನಿರೂಪಿತವಾಗಿದೆ. ಇಂದಿನ ವೈದ್ಯರು ಹೇಳುವ ವ್ಯಾಧಿಗೂ ಇದಕ್ಕೂ ಲಕ್ಷಣಸಾಮ್ಯವುಂಟೇ ಹೊರತು ಸಂಪೂರ್ಣವಾದ ಐಕ್ಯವಿಲ್ಲ. ಆದರೆ ಮಾಧವನು ಮಾಡಿದ ಒಂದು ವಿಭಾಗವು ಇಂದಿಗೂ ಗ್ರಾಹ್ಯವಾಗಿದೆ. ಹೊಸದಾದ ಅಮ್ಲಪಿತ್ತವು ಪ್ರಯತ್ನದಿಂದ ಸಾಧ್ಯ, ಬಹುಕಾಲದ್ದು ಯಾಪ್ಯ, ಕೆಲವರಲ್ಲಿ ಕೃಚ್ಛ್ರಸಾಧ್ಯ. ಯಾಪ್ಯವೆಂದರೆ ನಿರ್ಮೂಲವಾಗದೆ, ಪಥ್ಯೌಷಧಗಳಿಂದ ಹತೋಟಿಯಲ್ಲಿ ಮಾತ್ರ ಇರತಕ್ಕದ್ದು. ಆದುದರಿಂದ ಇಲ್ಲಿ ಮೊದಲು ಗಣಿಸಬೇಕಾದುದು ಕಾಲವನ್ನು.

ಹಬ್ಬದೂಟದ ಬಳಿಕ ಎಂದೋ ಒಮ್ಮೆ ತೋರುವ ಉರಿಗೆ ಮಿತಾಹಾರವೂ, ಉಂಡ ಮೇಲೆ ಎರಡು ಮೂರು ಗಂಟೆ ಮಲಗದಿರುವುದೂ ಸಾಮಾನ್ಯವಾಗಿ ಸಾಕು. ವಾರಕ್ಕೆ 2 ಸಲಕ್ಕಿಂತ ಹೆಚ್ಚಾಗಿ ಮರಳುವುದಾದರೆ, ಅಥವಾ ಅಂಗಡಿಯಿಂದ ತಂದ ಔಷಧವನ್ನು 2 ವಾರ ಸೇವಿಸಿದರೂ ಶಮನವಾಗದಿದ್ದರೆ, ವೈದ್ಯನನ್ನು ಕಾಣತಕ್ಕದ್ದು. ಉಪೇಕ್ಷೆಯಿಂದ ಅನ್ನನಾಳದಲ್ಲಿ ಹುಣ್ಣೂ ಸಂಕೋಚವೂ ಉಂಟಾಗಬಹುದು. ಕೆಲವರಲ್ಲಿ ಅದರ ಒಳಪೊರೆಯೇ ಮಾರ್ಪಟ್ಟು, ವಿರಳವಾಗಿ ಅರ್ಬುದಕ್ಕೆ ದಾರಿಯಾಗುವುದೂ ಉಂಟು.

ಕೆಲವು ಲಕ್ಷಣಗಳಿಗೆ ಈ ಕಾಲಗಣನೆಯು ಸಲ್ಲದು. ನುಂಗುವಾಗ ನೋವು ಅಥವಾ ತಡೆ, ಕಾರಣವಿಲ್ಲದೆ ಮೈ ಇಳಿಯುವುದು, ರಕ್ತಹೀನತೆ, ನಿಲ್ಲದ ವಾಂತಿ, ಇವು ತೋರಿದೊಡನೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಂತಿಯಲ್ಲಿ ರಕ್ತವಾಗಲಿ ಕಾಫಿಯ ಚರಟದಂತಹ ವಸ್ತುವಾಗಲಿ ಕಂಡರೆ, ಮಲವು ಕೀಲೆಣ್ಣೆಯಂತೆ ಕಪ್ಪಾದರೆ, ಒಡನೆ ಆಸ್ಪತ್ರೆಗೆ ಹೋಗತಕ್ಕದ್ದು.

ಎಲ್ಲಕ್ಕಿಂತ ಅಪಾಯಕರವಾದುದು ಹೆಸರಿನ ಭ್ರಾಂತಿ. ಹೃದಯದ ರಕ್ತನಾಳವು ಕಟ್ಟಿಕೊಂಡಾಗಲೂ ರೋಗಿಯು ಅದನ್ನು ಎದೆಯುರಿಯೆಂದೇ ಹೇಳುವುದುಂಟು. ಎದೆಯನ್ನು ಅದುಮಿದಂತಾಗುವುದು, ನೋವು ತೋಳು, ದವಡೆ, ಬೆನ್ನುಗಳಿಗೆ ಹರಡುವುದು, ಬೆವರು, ಉಬ್ಬಸ, ಇವುಗಳಲ್ಲಿ ಒಂದು ಕೂಡಿದರೂ ಮಜ್ಜಿಗೆಯನ್ನೋ ಜೀರಿಗೆಯ ಕಷಾಯವನ್ನೋ ಕುಡಿದು ಕಾಯುತ್ತ ಕೂರಲಾಗದು. ಅದು ಪಿತ್ತವೋ ಹೃದ್ರೋಗವೋ ಎಂಬ ನಿರ್ಣಯವು ಆಸ್ಪತ್ರೆಯಲ್ಲಿಯೇ ಆಗಬೇಕು.