ಸೇರು, ಲೀಟರ್, ಕೆ.ಜಿ.: ಲೆಕ್ಕ ತಪ್ಪದಿರಲಿ



ನಮ್ಮ ಹಿರಿಯರ ಲೆಕ್ಕ ಸೇರು, ಪಾವು, ಚಟಾಕಿನದು. ತೂಕದ ಸೇರು ಅಂದ್ರೆ ೮೦ ತೊಲಿ, ಸುಮಾರು ೯೩೩ ಗ್ರಾಂ. ಪಾವು ಅದರ ಕಾಲುಭಾಗ. ಅಳತೆಯ ಸೇರು ಮಾತ್ರ ಊರಿಂದ ಊರಿಗೆ ಬ್ಯಾರೆ. ಈ ಗೊಂದಲ ತಪ್ಪಿಸಲು ೧೯೫೬ರ ಕಾಯ್ದೆಯಿಂದ ದೇಶಕ್ಕೆಲ್ಲ ಲೀಟರ್, ಕೆ.ಜಿ. ಬಂದವು.

ಆದರೆ ಲೀಟರ್ ಬೇರೆ, ಕೆ.ಜಿ. ಬೇರೆ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು ೯೧೦ ಗ್ರಾಂ ತೂಗುತ್ತದೆ. ೧೫ ಲೀಟರಿನ ಡಬ್ಬಿಯಲ್ಲಿ ಇರೋದು ೧೩ ಕೆ.ಜಿ. ೬೫೦ ಗ್ರಾಂ, ೧೫ ಕೆ.ಜಿ. ಡಬ್ಬಿಯಲ್ಲಿ ಸುಮಾರು ಹದಿನಾರೂವರೆ ಲೀಟರ್.

ಲೀಟರಿಗೆ ೯೧ ರೂಪಾಯಿ ಅಂದ್ರೆ ಕೆ.ಜಿ.ಗೆ ೧೦೦ ಆದಂಗ. ಸಂಘದ ರೊಕ್ಕದಿಂದ ಎಣ್ಣೆ ಕೊಳ್ಳುವಾಗ ಡಬ್ಬಿ ಮೇಲೆ ಬರೆದದ್ದನ್ನು ಓದಿರಿ, ದರ ಹೋಲಿಸಿರಿ. ಹಂಚುವಾಗ ಮುದ್ರೆ ಇರುವ ಲೀಟರ್ ಮಾಪನ್ನೇ ಬಳಸಿರಿ.