ಗಾಸಿಪ್ ಕೆಟ್ಟ ಚಟವೇ? ಫಾರ್ವರ್ಡ್ ಒತ್ತುವ ಮುನ್ನ ಇದನ್ನು ಓದಿ

‘ಕೆಲಸವಿಲ್ಲದವರು ಮಾತ್ರ ಬೇರೆಯವರ ಬಗ್ಗೆ ಮಾತಾಡುತ್ತಾರೆ.’ ನಾವೆಲ್ಲ ಕೇಳಿ ಬೆಳೆದ ಮಾತಿದು. ಆದರೆ ನಿಜವಲ್ಲ.

ಸಂಶೋಧಕರ ಲೆಕ್ಕದಲ್ಲಿ, ಎದುರಿಗಿಲ್ಲದವರ ಬಗ್ಗೆ ಆಡುವ ಮಾತೆಲ್ಲವೂ ಗಾಸಿಪ್. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 467 ಜನರ ದಿನನಿತ್ಯದ ಮಾತುಕತೆಯ ರೆಕಾರ್ಡಿಂಗ್ ತುಣುಕುಗಳನ್ನು ಪರಿಶೀಲಿಸಿತು. ಅವರು ದಿನಕ್ಕೆ ಸರಾಸರಿ 52 ನಿಮಿಷ ಗಾಸಿಪ್ ಮಾಡುತ್ತಿದ್ದರು. ಅದರಲ್ಲಿ ಸುಮಾರು ಮುಕ್ಕಾಲು ಭಾಗ ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ, ಬರೀ ಸುದ್ದಿ.

ಇದರಿಂದ ಉಪಯೋಗವೂ ಇದೆ. ‘ಆ ಮೇಸ್ತ್ರಿ ಅಡ್ವಾನ್ಸ್ ತಗೊಂಡು ಕೈಕೊಡ್ತಾನೆ’ ಎಂದು ಪಕ್ಕದ ಮನೆಯವರು ಹೇಳಿದರೆ ನಿಮ್ಮ ದುಡ್ಡು ಉಳಿಯುತ್ತದೆ. ‘ಜನ ಏನಂತಾರೋ’ ಎಂಬ ಅಳುಕು ಎಷ್ಟೋ ಜನರನ್ನು ಮೋಸ ಮಾಡದಂತೆ ತಡೆಯುತ್ತದೆ.

ಹಾಗಾದರೆ ವಾಟ್ಸಾಪ್ ಫಾರ್ವರ್ಡ್ ಕೂಡ ಒಳ್ಳೆಯದೇ? ಅಲ್ಲ. ಪಕ್ಕದ ಮನೆಯವರನ್ನು ‘ನಿಮಗೆ ಹೇಗೆ ಗೊತ್ತು?’ ಎಂದು ಕೇಳಬಹುದು. ಸುಳ್ಳಾದರೆ ಅವರ ಮರ್ಯಾದೆಯೇ ಹೋಗುತ್ತದೆ. ಫಾರ್ವರ್ಡ್‌ನಲ್ಲಿ ಮೊದಲು ಹೇಳಿದವರು ಯಾರೆಂದೇ ತಿಳಿಯುವುದಿಲ್ಲ.

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ವದಂತಿ ನಂಬಿದ ಗುಂಪುಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನು, ಬೀದರ್ ಜಿಲ್ಲೆಯಲ್ಲಿ ಒಬ್ಬರನ್ನು ಹೊಡೆದು ಕೊಂದವು. ಬೀದರ್‌ನಲ್ಲಿ ಅನುಮಾನ ಶುರುವಾಗಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರಿಂದ. ಅದೇ ವರ್ಷ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ತಂದಿತು.

ಹರಟೆ ಬಿಡಬೇಕಿಲ್ಲ. ಆದರೆ ಯಾರದೋ ಬಗ್ಗೆ ಸಂದೇಶ ಬಂದರೆ, ಕಳಿಸಿದವರನ್ನೇ ಕೇಳಿ: ‘ಇದನ್ನು ಕಣ್ಣಾರೆ ಕಂಡವರು ಯಾರು?’ ಉತ್ತರ ಸಿಗದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.