ನೆನೆದ ಲೆಕ್ಕಪುಸ್ತಕಗಳಿಗೆ ಭಾರದ ಉಪಚಾರ

ಜಿ.ಎಸ್.ಟಿ. ಕಾಯ್ದೆಯಂತೆ ವರ್ತಕರು ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. ಓದಲಾಗದ ಖಾತೆಪುಸ್ತಕ ಅಧಿಕಾರಿಯ ಮುಂದೆ ಪ್ರಯೋಜನಕ್ಕೆ ಬಾರದು. ಮಳೆಯಲ್ಲಿ ನೆನೆದ ಪುಸ್ತಕವನ್ನು ಬಿಸಿಲಿಗೆ ಹರಡಿದರೆ ಹಾಳೆಗಳು ಸುಕ್ಕುಗಟ್ಟುತ್ತವೆ. ಹಸಿಯಾಗಿರುವಾಗಲೇ ಭಾರ ಹೇರುವುದಂತೂ ಸಲ್ಲದು. ತೇವ ಒಳಗೇ ನಿಂತು ಎರಡು ಮೂರು ದಿನಗಳಲ್ಲೇ ಬೂಷ್ಟು ಹಿಡಿದೀತು, ಶಾಯಿ ಎದುರುಪುಟಕ್ಕೆ ಅಂಟೀತು. ಹಾಳೆಗಳ ನಡುವೆ ಬ್ಲಾಟಿಂಗ್ ಕಾಗದವಿಟ್ಟು, ಪದೇ ಪದೇ ಬದಲಿಸುತ್ತ, ನೆರಳಿನಲ್ಲಿ ಒಣಗಿಸಬೇಕು. ಕೊಂಚವೇ ತೇವ ಉಳಿದಾಗ ಪುಸ್ತಕ ಮುಚ್ಚಿ, ಮೇಲೂ ಕೆಳಗೂ ನಯವಾದ ಹಲಗೆಯಿಟ್ಟು ಭಾರ ಹೇರಬೇಕು. ಹಲಗೆಯಿಲ್ಲದಿದ್ದರೆ ಭಾರವೆಲ್ಲ ಒಂದೆಡೆ ಬಿದ್ದು ಗುಳಿ ಮೂಡುತ್ತದೆ. ಅಂಗಡಿಯ ಹಳೆಯ ಕಬ್ಬಿಣದ ತೂಕದ ಬಟ್ಟುಗಳೇ ಇದಕ್ಕೆ ಸಾಕು (ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅವಕ್ಕೆ ಬೇರೆ ಕೆಲಸವೆಲ್ಲಿ?); ತುಕ್ಕಿನ ಕಲೆ ತಾಗದಂತೆ ಶುಭ್ರವಾದ ಬಟ್ಟೆಯಲ್ಲಿ ಸುತ್ತಿಡುವುದು ಅಗತ್ಯ.